ಮೂರು ತಲೆಮಾರು, ಒಂದು ಹಸಿರು ಗೆರೆ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಗೆ ಹೋದವರು ಸಾಮಾನ್ಯವಾಗಿ ನೋಡಿ ಬರುವುದು ಅಲ್ಲಿನ ಕಲ್ಲೇಶ್ವರ ದೇವಾಲಯವನ್ನು. ಕಟ್ಟೇಶ್ವರ ಎಂಬ ಹೆಸರೂ ಅದಕ್ಕುಂಟು. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸ 1057ರಲ್ಲಿ ಕಟ್ಟಿಸಿದ, ಎರಡು ಗರ್ಭಗುಡಿಗಳ ಗುಡಿ ಅದು. ಬಾಗಿಲುವಾಡದ ಕೆತ್ತನೆ ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ಅದೇ ಊರಿನ ಮಾಳಿಗೆ ಹತ್ತಿದವರಿಗೆ ಮಾತ್ರ ಸಿಗುವ ಇನ್ನೊಂದು ನೋಟವಿದೆ. ಅದಕ್ಕೆ ಚೀಟಿ ಇಲ್ಲ, ಮಾರ್ಗದರ್ಶಿಯೂ ಇಲ್ಲ.

ಹಿರೇಹಡಗಲಿ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15 ಡಿಗ್ರಿಯಲ್ಲಿ. ಧ್ರುವನಕ್ಷತ್ರ ಇಲ್ಲಿ ಉತ್ತರ ದಿಗಂತದಿಂದ 15 ಡಿಗ್ರಿಯಷ್ಟೇ ಮೇಲಿರುತ್ತದೆ. ದಕ್ಷಿಣದಲ್ಲಿ ತ್ರಿಶಂಕು ನಕ್ಷತ್ರಪುಂಜ ಪೂರ್ತಿಯಾಗಿ ಮೂಡುತ್ತದೆ. ಲಂಡನ್ನಿನವರು ಎಂದೂ ಕಾಣದ ದಕ್ಷಿಣದ ಆಕಾಶ, ದಕ್ಷಿಣ ಆಫ್ರಿಕದ ಕೇಪ್‌ಟೌನಿನವರು ಎಂದೂ ಕಾಣದ ಉತ್ತರದ ಆಕಾಶ ಎರಡೂ ಇಲ್ಲಿನವರ ಪಾಲಿಗಿವೆ. ಏಪ್ರಿಲ್ ತಿಂಗಳ ನಡುರಾತ್ರಿ ಈ ಊರಿನಲ್ಲಿ ದೂರದರ್ಶಕ ಹೂಡಿದರೆ, ಉತ್ತರದ ಡ್ರೇಕೊ ಪುಂಜದಲ್ಲಿ ಎನ್‌ಜಿಸಿ 6543 ಎಂಬ ನೀಹಾರಿಕೆಯನ್ನೂ ದಕ್ಷಿಣದಲ್ಲಿ ತ್ರಿಶಂಕುವಿನ ಪಶ್ಚಿಮಕ್ಕಿರುವ ಎನ್‌ಜಿಸಿ 3918 ಎಂಬ ಇನ್ನೊಂದನ್ನೂ ಒಂದೇ ಹೊತ್ತಿನಲ್ಲಿ ನೋಡಬಹುದು. ಎರಡೂ ಬರಿಗಣ್ಣಿಗೆ ಕಾಣುವಂಥವಲ್ಲ. ದೂರದರ್ಶಕದಲ್ಲಿ ಕೂಡ ಚಿಕ್ಕ, ನೀಲಿಹಸಿರು ಛಾಯೆಯ ಬಿಲ್ಲೆಗಳು ಅಷ್ಟೆ. ಆದರೆ ಈ ಎರಡು ಬಿಲ್ಲೆಗಳ ನಡುವೆ ಖಗೋಳ ವಿಜ್ಞಾನದ ಒಂದು ದೊಡ್ಡ ಕಥೆ ಹಬ್ಬಿದೆ. ಅದರ ಒಂದು ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ.

ಹೆಸರೇ ತಪ್ಪು

ಇಂಥ ಬಿಲ್ಲೆಗಳಿಗೆ ಗ್ರಹೀಯ ನೀಹಾರಿಕೆ ಎಂದು ಹೆಸರು. ಗ್ರಹಗಳಿಗೂ ಇವಕ್ಕೂ ಯಾವ ಸಂಬಂಧವೂ ಇಲ್ಲ. ಹೆಸರಿಟ್ಟವನು ವಿಲಿಯಂ ಹರ್ಷಲ್. ಜರ್ಮನಿಯಿಂದ ಇಂಗ್ಲೆಂಡಿಗೆ ಬಂದು ಸಂಗೀತದಿಂದ ಹೊಟ್ಟೆ ಹೊರೆಯುತ್ತಿದ್ದ, ಕನ್ನಡಿಗಳನ್ನು ಕೈಯಾರೆ ತಿಕ್ಕಿ ದೂರದರ್ಶಕ ಮಾಡಿಕೊಳ್ಳುತ್ತಿದ್ದ ಹವ್ಯಾಸಿ ಆತ. 1781ರ ಮಾರ್ಚ್ 13ರಂದು ಯುರೇನಸ್ ಗ್ರಹವನ್ನು ಕಂಡುಹಿಡಿದು ಒಂದೇ ರಾತ್ರಿಯಲ್ಲಿ ಲೋಕಪ್ರಸಿದ್ಧನಾದ. ಮರುವರ್ಷ ಸೆಪ್ಟೆಂಬರಿನಲ್ಲಿ ಕುಂಭ ರಾಶಿಯಲ್ಲಿ ಮಸುಕಾದ ಗುಂಡು ಬಿಲ್ಲೆಯೊಂದು ಅವನಿಗೆ ಸಿಕ್ಕಿತು. ಆಮೇಲೆ ಅಂಥವು ಇನ್ನೂ ಕೆಲವು. ಯುರೇನಸ್ಸಿನ ಹಾಗೆ ಗುಂಡಗೆ, ಮಂಕಾಗಿ ಕಂಡದ್ದರಿಂದ ಆ ಹೆಸರು. ಇಟ್ಟ ಹೆಸರು ಇಂದಿಗೂ ಹೋಗಿಲ್ಲ. ಊರಿನಲ್ಲಿ ಒಬ್ಬನಿಗೆ ಅಡ್ಡಹೆಸರು ಬಿದ್ದರೆ ಮುಪ್ಪಿನಲ್ಲೂ ಬಿಡುವುದಿಲ್ಲವಲ್ಲ, ಹಾಗೆ.

ಇವು ನಿಜವಾಗಿ ಏನೆಂಬುದು ಇಂದು ಗೊತ್ತಿದೆ. ಸೂರ್ಯನಂಥ ನಕ್ಷತ್ರ ತನ್ನ ಇಂಧನ ತೀರಿಸಿ ಮುಪ್ಪಿಗೆ ಬಂದಾಗ ಉಬ್ಬಿ ಕೆಂಪು ದೈತ್ಯನಾಗುತ್ತದೆ. ಕೊನೆಗೆ ಹೊರಪದರಗಳನ್ನು ಕಳಚಿ ಬಾಹ್ಯಾಕಾಶಕ್ಕೆ ತೂರುತ್ತದೆ. ಒಳಗಿನ ತಿರುಳು ಬೆತ್ತಲೆಯಾಗಿ, ವಿಪರೀತ ಕಾವಿನಿಂದ ಅತಿನೇರಳೆ ಕಿರಣಗಳನ್ನು ಸೂಸುತ್ತದೆ. ಆ ಕಿರಣ ತಾಗಿದ ಅನಿಲ ಬೆಳಗುತ್ತದೆ. ಹತ್ತಿಪ್ಪತ್ತು ಸಾವಿರ ವರ್ಷಗಳಲ್ಲಿ ಅನಿಲ ಚೆದುರಿ ದೀಪ ಆರುತ್ತದೆ. ನಕ್ಷತ್ರದ ಆಯುಸ್ಸಿನ ಲೆಕ್ಕದಲ್ಲಿ ಇದು ಕಣ್ಣು ಮಿಟುಕಿಸುವಷ್ಟು ಹೊತ್ತು. ಸುಮಾರು 500 ಕೋಟಿ ವರ್ಷಗಳ ಮೇಲೆ ನಮ್ಮ ಸೂರ್ಯನಿಗೂ ಇದೇ ಗತಿ.

ಡ್ರೇಕೊದ ಎನ್‌ಜಿಸಿ 6543, ಅಂದರೆ ಬೆಕ್ಕಿನ ಕಣ್ಣು ಎಂದು ಕರೆಯುವ ನೀಹಾರಿಕೆ, ಹಿಗ್ಗುತ್ತಿರುವ ವೇಗವನ್ನು ಹಬಲ್ ದೂರದರ್ಶಕದ ಚಿತ್ರಗಳಿಂದ ಅಳೆದಿದ್ದಾರೆ. ಆ ಲೆಕ್ಕದಲ್ಲಿ ಅದರ ಒಳಭಾಗದ ವಯಸ್ಸು ಸುಮಾರು ಸಾವಿರ ವರ್ಷ. ಅದರ ಬೆಳಕು ನಮ್ಮನ್ನು ಮುಟ್ಟಲು ಮೂರು ನಾಲ್ಕು ಸಾವಿರ ವರ್ಷ ಬೇಕೆಂಬುದು ಬೇರೆ ಮಾತು. ಭೂಮಿಯಿಂದ ಕಾಣುವ ನೋಟವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ದೇಮರಸನ ಶಿಲ್ಪಿಗಳು ಹಿರೇಹಡಗಲಿಯಲ್ಲಿ ಉಳಿ ಹಿಡಿದಿದ್ದ ಆಸುಪಾಸಿನ ಕಾಲದಲ್ಲಿ ಆಕಾಶದ ಆ ಮೂಲೆಯಲ್ಲೂ ಕೆತ್ತನೆ ಶುರುವಾಗಿತ್ತು ಎನ್ನಬಹುದು. ಆ ಕಾಲದ ಶಾಸನಗಳು ಗ್ರಹಣ, ಸಂಕ್ರಮಣಗಳನ್ನು ಎಚ್ಚರದಿಂದ ದಾಖಲಿಸಿವೆ. ಬಿ.ಎಸ್. ಶೈಲಜಾ ಮತ್ತು ಕೆ.ಜಿ. ಗೀತಾ ಅವರು ಶಾಸನಗಳಲ್ಲಿನ ಇಂಥ ಆಕಾಶ ವಾರ್ತೆಗಳನ್ನೆಲ್ಲ ಹುಡುಕಿ ಪುಸ್ತಕವನ್ನೇ ಮಾಡಿದ್ದಾರೆ. ಆದರೆ ಬರಿಗಣ್ಣಿಗೆ ನಿಲುಕದ್ದನ್ನು ಯಾವ ಶಾಸನಕಾರ ತಾನೆ ಬರೆದಾನು?

ಕಾಮನಬಿಲ್ಲಿಲ್ಲದ ಬೆಳಕು

ಹತ್ತೊಂಬತ್ತನೆಯ ಶತಮಾನದ ನಡುವಿಗೆ ಬಂದರೂ ನೀಹಾರಿಕೆಗಳ ಬಗ್ಗೆ ಜಗಳ ಹರಿದಿರಲಿಲ್ಲ. ಅವೆಲ್ಲ ದೂರದ ನಕ್ಷತ್ರಗಳ ಗುಂಪುಗಳು, ದೂರದರ್ಶಕ ದೊಡ್ಡದಾದಂತೆ ಬಿಡಿಬಿಡಿಯಾಗಿ ಕಾಣುತ್ತವೆ ಎಂಬುದು ಒಂದು ಪಕ್ಷ. ಅವು ನಿಜವಾದ ಮಂಜಿನಂಥ ಅನಿಲ ಎಂಬುದು ಇನ್ನೊಂದು. ಐರ್ಲೆಂಡಿನ ಲಾರ್ಡ್ ರಾಸ್ 1845ರಲ್ಲಿ 72 ಇಂಚಿನ ಕನ್ನಡಿಯ ದೂರದರ್ಶಕವನ್ನೇ ಕಟ್ಟಿ ನಿಲ್ಲಿಸಿದ. ಜಗಳ ಇನ್ನೂ ಬೆಳೆಯಿತೇ ಹೊರತು ಮುಗಿಯಲಿಲ್ಲ.

ಮುಗಿಸಿದವನು ವಿಲಿಯಂ ಹಗಿನ್ಸ್. ಮನೆತನದ ರೇಷ್ಮೆ ಬಟ್ಟೆ ವ್ಯಾಪಾರ ಬಿಟ್ಟು ಲಂಡನ್ನಿನ ಟಲ್ಸ್‌ಹಿಲ್ ಎಂಬಲ್ಲಿ ಮನೆಯ ಪಕ್ಕದಲ್ಲೇ ವೀಕ್ಷಣಾಲಯ ಕಟ್ಟಿಕೊಂಡಿದ್ದ ಮತ್ತೊಬ್ಬ ಹವ್ಯಾಸಿ. ಅವನ ದೂರದರ್ಶಕದ ಮಸೂರ ಬರೇ 8 ಇಂಚಿನದು. ಅದಕ್ಕೆ ಅವನು ರೋಹಿತದರ್ಶಕ ಎಂಬ ಉಪಕರಣ ಜೋಡಿಸಿದ್ದ. ಗಾಜಿನ ಪಟ್ಟಕದಲ್ಲಿ ಹಾಯಿಸಿದ ಬಿಸಿಲು ಏಳು ಬಣ್ಣವಾಗಿ ಹರಡುವುದನ್ನು ಶಾಲೆಯಲ್ಲಿ ಎಲ್ಲರೂ ನೋಡಿರುತ್ತಾರೆ. ಆ ಬಣ್ಣದ ಪಟ್ಟಿಯೇ ರೋಹಿತ. ನಕ್ಷತ್ರದ ಬೆಳಕು ಹೀಗೆ ಉದ್ದನೆಯ ಪಟ್ಟಿಯಾಗುತ್ತದೆ. ಕಾದ ವಿರಳ ಅನಿಲದ ಬೆಳಕಾದರೆ ಪಟ್ಟಿಯಿಲ್ಲ, ಅಲ್ಲೊಂದು ಇಲ್ಲೊಂದು ಬಿಡಿ ಗೆರೆ.

1864ರ ಆಗಸ್ಟ್ 29ರ ರಾತ್ರಿ ಹಗಿನ್ಸ್ ಡ್ರೇಕೊದ ಅದೇ ಎನ್‌ಜಿಸಿ 6543ರತ್ತ ತನ್ನ ಉಪಕರಣ ತಿರುಗಿಸಿದ. ಪಟ್ಟಿ ಕಾಣಲಿಲ್ಲ. ಕಂಡದ್ದು ಒಂದು ಹೊಳೆಯುವ ಹಸಿರು ಗೆರೆ. ಉಪಕರಣ ಕೆಟ್ಟಿತೇ ಎಂದು ಪರೀಕ್ಷಿಸಿದ, ಕೆಟ್ಟಿರಲಿಲ್ಲ. ಮತ್ತೆ ನೋಡಿದಾಗ ಪಕ್ಕದಲ್ಲಿ ಇನ್ನೆರಡು ಮಂದ ಗೆರೆಗಳು ಸಿಕ್ಕವು. ಕನಿಷ್ಠ ಈ ನೀಹಾರಿಕೆಯ ಮಟ್ಟಿಗೆ ಉತ್ತರ ದೊರಕಿತು. ಇದು ನಕ್ಷತ್ರಗಳ ಗುಂಪಲ್ಲ, ಅನಿಲ. ನೂರು ವರ್ಷದ ವಾದವನ್ನು ಒಂದು ರಾತ್ರಿ, ಒಂದು ಗೆರೆ ಇತ್ಯರ್ಥ ಮಾಡಿತು.

ಬೆಂಗಳೂರಿನ ಲೆಫ್ಟಿನೆಂಟ್

ಉತ್ತರದ ನೀಹಾರಿಕೆಗಳನ್ನು ಹಗಿನ್ಸ್ ಒಂದೊಂದಾಗಿ ಪರೀಕ್ಷಿಸತೊಡಗಿದ. ಆದರೆ ದಕ್ಷಿಣದ್ದಕ್ಕೆ ಏನು ಮಾಡುವುದು? ಅವು ಲಂಡನ್ನಿನ ದಿಗಂತದ ಕೆಳಗೇ ಉಳಿಯುತ್ತವೆ. ಅವುಗಳ ಪಟ್ಟಿಯಂತೂ ಸಿದ್ಧವಿತ್ತು. ವಿಲಿಯಂ ಹರ್ಷಲ್‌ನ ಮಗ ಜಾನ್ ಹರ್ಷಲ್ 1834ರಿಂದ 1838ರವರೆಗೆ ಸಂಸಾರ ಸಮೇತ ಕೇಪ್‌ನಲ್ಲಿದ್ದು ದಕ್ಷಿಣ ಆಕಾಶವನ್ನು ಜಾಲಾಡಿದ್ದ. ತ್ರಿಶಂಕುವಿನ ಬಳಿಯ ಎನ್‌ಜಿಸಿ 3918 ಅವನ ಕಣ್ಣಿಗೆ ಬಿದ್ದದ್ದು 1834ರಲ್ಲಿ. ಅದರ ನೀಲಿ ಬಣ್ಣಕ್ಕೆ ಆತ ಮಾರುಹೋದ. ಇಂದಿಗೂ ಅದನ್ನು ನೀಲಿ ಗ್ರಹೀಯ ಎಂದೇ ಕರೆಯುತ್ತಾರೆ.

ಕೇಪ್‌ನಲ್ಲಿದ್ದಾಗ, 1837ರಲ್ಲಿ, ಜಾನ್ ಹರ್ಷಲ್‌ಗೆ ಒಬ್ಬ ಗಂಡುಮಗ ಹುಟ್ಟಿದ. ಅವನಿಗೂ ಜಾನ್ ಎಂದೇ ಹೆಸರು. ಬೆಳೆದು ಸೇನೆಯ ಎಂಜಿನಿಯರ್ ಆಗಿ ಭಾರತಕ್ಕೆ ಬಂದ ಈ ಲೆಫ್ಟಿನೆಂಟ್ ಜಾನ್ ಹರ್ಷಲ್, ದೇಶವನ್ನೇ ತ್ರಿಕೋನಗಳಲ್ಲಿ ಅಳೆಯುತ್ತಿದ್ದ ಗ್ರೇಟ್ ಟ್ರಿಗೊನಾಮೆಟ್ರಿಕಲ್ ಸರ್ವೆಯಲ್ಲಿ ಕೆಲಸಕ್ಕಿದ್ದ. (ಬಂಗಾಳದಲ್ಲಿ ಅಧಿಕಾರಿಯಾಗಿದ್ದು ಬೆರಳಚ್ಚಿನ ಬಳಕೆಯನ್ನು ಆರಂಭಿಸಿದ ವಿಲಿಯಂ ಜೇಮ್ಸ್ ಹರ್ಷಲ್ ಇವನ ಅಣ್ಣ. ಆ ಮನೆಯವರು ಯಾರೂ ಸುಮ್ಮನೆ ಕೂತವರಲ್ಲ.) ಲಂಡನ್ನಿನ ರಾಯಲ್ ಸೊಸೈಟಿ ಇವನಿಗೆ 5 ಇಂಚಿನ ದೂರದರ್ಶಕವನ್ನೂ ರೋಹಿತದರ್ಶಕವನ್ನೂ ಒದಗಿಸಿತು.

ತಾತ ನೋಡಿದ್ದು ಇಂಗ್ಲೆಂಡಿನ ಆಕಾಶ. ತಂದೆ ಕೇಪ್‌ನಲ್ಲಿದ್ದಾಗ ಡ್ರೇಕೊದ ನೀಹಾರಿಕೆ ಅವನಿಗೆ ಒಂದು ರಾತ್ರಿಯೂ ಮೂಡಲಿಲ್ಲ. ಮೊಮ್ಮಗ ಬಂದು ನಿಂತದ್ದು 13 ಡಿಗ್ರಿಯ ಬೆಂಗಳೂರಿನಲ್ಲಿ, ಎರಡು ಆಕಾಶಗಳ ನಡುವಿನ ಹೊಸ್ತಿಲಲ್ಲಿ. ದಕ್ಷಿಣದ ಕೆಲವು ನೀಹಾರಿಕೆಗಳ ರೋಹಿತವನ್ನು ಕುರಿತು ಅವನು ಬರೆದ ಲೇಖನ, ಆ ಬಳಿಕ ಮತ್ತಷ್ಟು ವಿವರಗಳನ್ನು ಸೇರಿಸಿ ಬರೆದ ಪತ್ರ ಎರಡೂ 1868ರ ಸುಮಾರಿಗೆ ರಾಯಲ್ ಸೊಸೈಟಿಯ ನಡಾವಳಿಗಳಲ್ಲಿ ಅಚ್ಚಾದವು. ತಂದೆ ಪಟ್ಟಿ ಮಾಡಿದ್ದ ನೀಹಾರಿಕೆಗಳಲ್ಲಿ ಯಾವುದು ಅನಿಲ, ಯಾವುದು ಅಲ್ಲ ಎಂದು ಮಗ ಬೆಂಗಳೂರಿನಿಂದ ವಿಂಗಡಿಸುತ್ತಿದ್ದ. ಮೋಡ ಗುಡುಗುಗಳ ರಾತ್ರಿಯೂ ಅವನಿಗೆ ದಂಡವಾಗಲಿಲ್ಲ. ಮಿಂಚಿನ ಬೆಳಕನ್ನೇ ರೋಹಿತದರ್ಶಕದಲ್ಲಿ ಹಿಡಿದು ಅದರ ಮೇಲೂ ಅದೇ ವರ್ಷ ಒಂದು ಟಿಪ್ಪಣಿ ಬರೆದ.

1868ರ ಆಗಸ್ಟ್ 18ರಂದು ಸಂಪೂರ್ಣ ಸೂರ್ಯಗ್ರಹಣ. ನೆರಳಿನ ಹಾದಿ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯ ಮೇಲೆ ಹಾಯುವುದಿತ್ತು. ಆಗ ಅದು ಪಟವರ್ಧನರ ಸಂಸ್ಥಾನ. ಲೆಫ್ಟಿನೆಂಟ್ ಹರ್ಷಲ್ ತನ್ನ ಉಪಕರಣದೊಡನೆ ಅಲ್ಲಿಗೆ ಹೋದ. ಮಳೆಗಾಲದ ಮೋಡಗಳ ನಡುವೆ ಸಿಕ್ಕ ಬಿಡುವಿನಲ್ಲಿ ಸೂರ್ಯನ ಅಂಚಿನ ಜ್ವಾಲೆಯನ್ನು ರೋಹಿತದರ್ಶಕದಲ್ಲಿ ಕಂಡ. ಕೆಂಪು, ಕಿತ್ತಳೆ, ನೀಲಿ, ಹೀಗೆ ಮೂರು ಉಜ್ವಲ ಗೆರೆಗಳು. ಜ್ವಾಲೆಯೂ ಅನಿಲವೇ ಎಂದು ತಿಳಿಯಿತು. ಕಿತ್ತಳೆ ಗೆರೆ ಸೋಡಿಯಂನದೆಂದು ಮೊದಲು ತೋರಿತು. ಮುಂದೆ ಅದೇ ಹೊಸ ಧಾತು ಹೀಲಿಯಂನ ಗುರುತೆಂದು ಸ್ಥಿರವಾಯಿತು. ಅದೇ ಗ್ರಹಣವನ್ನು ಗುಂಟೂರಿನಲ್ಲಿ ನೋಡಿದ ಫ್ರಾನ್ಸಿನ ಜಾನ್ಸೆನ್ ಹೆಸರು ಪಠ್ಯಪುಸ್ತಕಗಳಲ್ಲಿ ಸೇರಿತು. ಜಮಖಂಡಿ ಅಡಿಟಿಪ್ಪಣಿಯಾಯಿತು. ಬೆಂಗಳೂರಿನ ನೀಹಾರಿಕೆಗಳಿಗಂತೂ ಅಡಿಟಿಪ್ಪಣಿಯ ಭಾಗ್ಯವೂ ಅಪರೂಪ. ಗ್ರಹಣಕ್ಕೆ ಜನ ಸೇರುತ್ತಾರೆ, ಮಸುಕು ಬಿಲ್ಲೆಗೆ ಯಾರು ಸೇರುತ್ತಾರೆ?

ಇಲ್ಲದ ಧಾತು

ಹೀಲಿಯಂ 1895ರಲ್ಲಿ ಭೂಮಿಯ ಮೇಲೂ ಸಿಕ್ಕಿತು. ನೀಹಾರಿಕೆಗಳ ಹಸಿರು ಗೆರೆಗೆ ಮಾತ್ರ ಒಡೆಯ ಸಿಗಲಿಲ್ಲ. ಹಗಿನ್ಸ್ ಮೊದಲು ಸಾರಜನಕವೆಂದು ಅನುಮಾನಿಸಿದ, ಹೊಂದಲಿಲ್ಲ. ಕೊನೆಗೆ ಇದೂ ಹೊಸ ಧಾತುವೇ ಇರಬೇಕೆಂದು ನೆಬ್ಯುಲಿಯಂ ಎಂಬ ಹೆಸರು ಚಾಲ್ತಿಗೆ ಬಂತು. ಒಂದೇ ದಾರಿಯಲ್ಲಿ ನಡೆದ ಎರಡು ತರ್ಕ. ಒಂದು ಗುರಿ ಮುಟ್ಟಿತು, ಇನ್ನೊಂದು ಅರವತ್ತು ವರ್ಷ ಎಲ್ಲರನ್ನೂ ದಾರಿ ತಪ್ಪಿಸಿತು. ಧಾತುಗಳ ಆವರ್ತ ಕೋಷ್ಟಕ ತುಂಬುತ್ತ ಬಂದಂತೆ ನೆಬ್ಯುಲಿಯಂಗೆ ಕೂರಲು ಜಾಗವೇ ಉಳಿಯಲಿಲ್ಲ.

1920ರಲ್ಲಿ ಮೇಘನಾದ ಸಹಾ ಅವರು ನಕ್ಷತ್ರದ ಕಾವಿನಲ್ಲಿ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವ ಲೆಕ್ಕವನ್ನು ಕೊಟ್ಟರು. 1927ರಲ್ಲಿ ಅಮೆರಿಕದ ಐರಾ ಬೋವೆನ್ ಹಸಿರು ಗೆರೆಯ ಗುಟ್ಟು ಒಡೆದ. ಅದು ಯಾವ ಹೊಸ ಧಾತುವಿನದೂ ಅಲ್ಲ, ನಾವು ಉಸಿರಾಡುವ ಆಮ್ಲಜನಕದ್ದೇ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಪರಮಾಣು ಉದ್ರೇಕಗೊಂಡು, ಕೆಲವು ಸೆಕೆಂಡುಗಳಿಂದ ನಿಮಿಷದವರೆಗೂ ಹಾಗೇ ಇದ್ದು, ಆಮೇಲೆ ಈ ಬೆಳಕನ್ನು ಬಿಡುತ್ತದೆ. ನಮ್ಮ ಗಾಳಿಯಲ್ಲಿ ಅಷ್ಟು ಹೊತ್ತು ಯಾವ ಪರಮಾಣುವನ್ನೂ ನೆರೆಹೊರೆಯವರು ಸುಮ್ಮನೆ ಬಿಡುವುದಿಲ್ಲ, ಸೆಕೆಂಡಿಗೆ ಕೋಟಿಗಟ್ಟಲೆ ಡಿಕ್ಕಿಗಳು. ನೀಹಾರಿಕೆಯಲ್ಲಿ ಒಂದು ಘನ ಸೆಂಟಿಮೀಟರಿಗೆ ಕೆಲವು ಸಾವಿರ ಕಣಗಳಷ್ಟೇ ಇರುವುದರಿಂದ ಆ ಏಕಾಂತ ದೊರೆಯುತ್ತದೆ. ಹಾಗಾಗಿ ಪ್ರಯೋಗಶಾಲೆಯಲ್ಲಿ ಆ ಗೆರೆ ಯಾರಿಗೂ ಕಂಡಿರಲಿಲ್ಲ.

ಸೋಸುವ ಗಾಜು

ಇಂದು ಹವ್ಯಾಸಿಗಳು ಬಳಸುವ ನೀಹಾರಿಕೆ ಫಿಲ್ಟರ್ ಈ ಇತಿಹಾಸವನ್ನೆಲ್ಲ ಒಂದೂಕಾಲು ಇಂಚಿನ ಗಾಜಿಗೆ ಇಳಿಸಿದೆ. ಅದರ ಪೂರ್ವಜನೂ ಪಟ್ಟಕವೇ. 1880ರಲ್ಲಿ ಹಾರ್ವರ್ಡಿನ ಎಡ್ವರ್ಡ್ ಪಿಕರಿಂಗ್ ದೂರದರ್ಶಕಕ್ಕೆ ಪಟ್ಟಕ ಸಿಕ್ಕಿಸಿ ಆಕಾಶವನ್ನು ಜರಡಿ ಹಿಡಿದ. ನಕ್ಷತ್ರಗಳೆಲ್ಲ ಎಳೆದ ಗೆರೆಗಳಾದವು, ಗ್ರಹೀಯ ನೀಹಾರಿಕೆಗಳು ಮಾತ್ರ ಚುಕ್ಕೆಗಳಾಗಿಯೇ ಉಳಿದು ಸಿಕ್ಕಿಬಿದ್ದವು. ಫಿಲ್ಟರ್ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ಗಾಜಿನ ಮೇಲೆ ಅತಿ ತೆಳುವಾದ ಹಲವು ಲೇಪಗಳನ್ನು ಒಂದರ ಮೇಲೊಂದು ಕೂರಿಸಿರುತ್ತಾರೆ. ಮಳೆ ಬಿದ್ದ ರಸ್ತೆಯಲ್ಲಿ ಎಣ್ಣೆಯ ಪೊರೆ ಬಣ್ಣ ತೋರುವುದು ಯಾವ ತತ್ತ್ವದಿಂದಲೋ ಅದೇ ತತ್ತ್ವ ಇಲ್ಲಿಯೂ. ಆಮ್ಲಜನಕದ 495.9 ಮತ್ತು 500.7 ನ್ಯಾನೊಮೀಟರಿನ ಜೋಡಿ ಗೆರೆಗಳ ಸುತ್ತ ಹತ್ತು ಹನ್ನೆರಡು ನ್ಯಾನೊಮೀಟರಿನ ಕಿಂಡಿ ಬಿಟ್ಟು ಮಿಕ್ಕ ಬೆಳಕಿಗೆಲ್ಲ ಬಾಗಿಲು ಹಾಕಲಾಗುತ್ತದೆ. ಓ-ಮೂರು ಫಿಲ್ಟರ್ ಎಂಬುದು ಇದೇ. ಇನ್ನಷ್ಟು ಅಗಲದ ಕಿಂಡಿಯ, ಹೈಡ್ರೋಜನ್ನಿನ ನೀಲಿ ಗೆರೆಗೂ ಜಾಗ ಕೊಡುವ ಬಗೆಯೂ ಇದೆ. ಇವು ಹವ್ಯಾಸಿಗಳ ಕೈಗೆ ಬಂದದ್ದು 1970ರ ದಶಕದ ಕೊನೆಯಿಂದ ಈಚೆಗೆ.

ಫಿಲ್ಟರ್ ಹಾಕಿದರೆ ನೀಹಾರಿಕೆ ಹೆಚ್ಚು ಪ್ರಕಾಶವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ಅದರ ಬೆಳಕೂ ಕೊಂಚ ಕಡಿಮೆಯೇ ಆಗುತ್ತದೆ. ಹಿನ್ನೆಲೆಯ ಆಕಾಶ ಅದಕ್ಕಿಂತ ಬಹಳ ಹೆಚ್ಚು ಕಪ್ಪಾಗುವುದರಿಂದ ನೀಹಾರಿಕೆ ಎದ್ದು ಕಾಣುತ್ತದೆ. ಕತ್ತಲಿಗೆ ಪಳಗಿದ ಮನುಷ್ಯನ ಕಣ್ಣು ಅತಿ ಚುರುಕಾಗಿರುವುದು 507 ನ್ಯಾನೊಮೀಟರಿನ ಸುಮಾರಿಗೆ, ಅಂದರೆ ಹೆಚ್ಚುಕಡಿಮೆ ಹಗಿನ್ಸ್‌ನ ಗೆರೆ ಇರುವಲ್ಲೇ. ಕಣ್ಣು ಹಾಗೆ ಪಳಗಲು ಅರ್ಧ ಗಂಟೆಯಾದರೂ ಬೇಕು. ನಡುವೆ ಯಾರಾದರೂ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ.

ಹವ್ಯಾಸಿಗಳ ಒಂದು ಚಮತ್ಕಾರ ಹೇಳಲೇಬೇಕು. ಚಿಕ್ಕ ಗ್ರಹೀಯ ನೀಹಾರಿಕೆ ನೋಡಲು ನಕ್ಷತ್ರದಂತೆಯೇ ಇರುತ್ತದೆ. ಗುಂಪಿನಲ್ಲಿ ಅದು ಯಾವುದೆಂದು ತಿಳಿಯದು. ಆಗ ಫಿಲ್ಟರನ್ನು ಬೆರಳುಗಳ ನಡುವೆ ಹಿಡಿದು ಕಣ್ಣಿಗೂ ಐಪೀಸಿಗೂ ನಡುವೆ ಅತ್ತಿತ್ತ ಆಡಿಸುತ್ತಾರೆ. ನಕ್ಷತ್ರಗಳೆಲ್ಲ ಮಂಕಾಗುತ್ತವೆ, ಒಂದು ಮಾತ್ರ ಮಂಕಾಗದೆ ನಿಲ್ಲುತ್ತದೆ. ಅದೇ ನೀಹಾರಿಕೆ. 1864ರ ಪ್ರಯೋಗವನ್ನು ಮಾಳಿಗೆಯ ಮೇಲೆ ಬೆರಳ ತುದಿಯಲ್ಲಿ ಮತ್ತೆ ಮಾಡಿದಂತೆ. ಫಿಲ್ಟರ್ ಇಲ್ಲದವರಿಗೆ ಓರೆಗಣ್ಣೇ ಗತಿ. ಕಣ್ಣಿನ ನಡುಭಾಗ ಮಂದ ಬೆಳಕಿಗೆ ಕುರುಡು, ಅಂಚು ಚುರುಕು. ಹಂಸ ಪುಂಜದ ಎನ್‌ಜಿಸಿ 6826 ಎಂಬುದನ್ನು ನೆಟ್ಟನೋಟದಿಂದ ನೋಡಿದರೆ ಮಾಯವಾಗುತ್ತದೆ, ಕಣ್ಣು ಪಕ್ಕಕ್ಕೆ ಹೊರಳಿಸಿದರೆ ಮತ್ತೆ ಪ್ರತ್ಯಕ್ಷ. ಛಾಯಾಚಿತ್ರಗಳ ಬಣ್ಣದ ಗರಿಗಳನ್ನು ನಿರೀಕ್ಷಿಸಿ ಬಂದವರಿಗೆ ಮಾತ್ರ ಇಲ್ಲಿ ನಿರಾಸೆ ಖಂಡಿತ.

ಹಡಗಲಿ ಸೀಮೆಯವರಿಗೆ ಹುಣ್ಣಿಮೆ ಎಂದರೆ ಮೈಲಾರದ ಕಾರ್ಣಿಕ, ಭರತ ಹುಣ್ಣಿಮೆಯ ಜಾತ್ರೆ. ನೀಹಾರಿಕೆಯವರಿಗೆ ಬೇಕಾದದ್ದು ಅಮಾವಾಸ್ಯೆ. ದೀಪಾವಳಿಯ ಅಮಾವಾಸ್ಯೆಯ ಆಸುಪಾಸು ರಾತ್ರಿ ಎಂಟರ ಸುಮಾರಿಗೆ ಕುಂಭ ರಾಶಿಯ ಹೀಲಿಕ್ಸ್ ನೀಹಾರಿಕೆ ದಕ್ಷಿಣದಲ್ಲಿ ಐವತ್ತು ಡಿಗ್ರಿಗೂ ಎತ್ತರದಲ್ಲಿರುತ್ತದೆ. ಚಂದ್ರಬಿಂಬದ ಅರ್ಧದಷ್ಟು ಅಗಲವಿದ್ದರೂ ತೀರ ಮಬ್ಬು. ವಿಲಿಯಂ ಹರ್ಷಲ್‌ನ ಪಟ್ಟಿಗಳಲ್ಲೂ ಅದು ಇಲ್ಲ. ಓ-ಮೂರು ಫಿಲ್ಟರ್ ಇದ್ದು ಆಕಾಶ ಕಪ್ಪಾಗಿದ್ದರೆ ಆರಿಂಚಿನ ದೂರದರ್ಶಕಕ್ಕೂ ಬೂದಿ ಬಣ್ಣದ ಬಳೆಯಂತೆ ಸಿಗುತ್ತದೆ. ಪಟಾಕಿಯ ಹೊಗೆ ಇಳಿಯುವವರೆಗೆ ಮಾತ್ರ ಕಾಯಬೇಕು.

ಕಪ್ಪಾಗಿದ್ದರೆ ಎಂಬ ಮಾತೇ ಈಗ ತೊಡಕಿನದು. ಹಳೆಯ ಹಳದಿ ಸೋಡಿಯಂ ದೀಪಗಳ ಬೆಳಕು ಬಹುಪಾಲು 589 ನ್ಯಾನೊಮೀಟರಿನ ಸುತ್ತಮುತ್ತ ಇರುವುದರಿಂದ ಫಿಲ್ಟರ್ ಅದನ್ನು ಸುಲಭವಾಗಿ ತಡೆಯುತ್ತಿತ್ತು. ಆದುದರಿಂದಲೇ ಬೆಂಗಳೂರಿನಂಥ ನಗರದ ಮಹಡಿಯಿಂದಲೂ ಹವ್ಯಾಸಿಗಳು ಒಂದಷ್ಟು ಗ್ರಹೀಯ ನೀಹಾರಿಕೆಗಳನ್ನು ಹೆಕ್ಕಲು ಸಾಧ್ಯವಾಗುತ್ತಿತ್ತು. 2015ರಲ್ಲಿ ಕೇಂದ್ರ ಸರ್ಕಾರ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ವಿದ್ಯುತ್ ಉಳಿಯಿತು, ಅದು ಸಣ್ಣ ಮಾತಲ್ಲ. ಆದರೆ ಬಿಳಿ ಎಲ್‌ಇಡಿಯ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿಕೊಂಡಿದೆ, ಹಸಿರು ಗೆರೆಯ ಕಿಂಡಿಯಲ್ಲೂ ನುಸುಳುತ್ತದೆ. ಮೇಲಕ್ಕೆ ಮುಚ್ಚಳವಿಲ್ಲದ ದೀಪವಾದರೆ ಕೇಳುವುದೇ ಬೇಡ. ಮುಚ್ಚಳ ಹಾಕಿ ಬೆಳಕನ್ನು ನೆಲಕ್ಕೇ ಇಳಿಸುವುದು ದೊಡ್ಡ ವೆಚ್ಚದ ಕೆಲಸವೇನಲ್ಲ. ಬೀದಿಗೂ ಅದೇ ಲಾಭ. ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಸುತ್ತ, 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಘೋಷಣೆಯಾಯಿತು. ಅಲ್ಲಿನ ಮನೆಗಳ ದೀಪಕ್ಕೂ ಕಿಟಕಿಯ ಪರದೆಗೂ ಲಕ್ಷ್ಯ ಕೊಡಲಾಗಿದೆ. ಮಲ್ಲಿಗೆ ಮೊಗ್ಗು ಬಿಡಿಸಲು ನಸುಕಿಗೇ ಏಳುವ ಹಡಗಲಿಯ ತೋಟಗಳಲ್ಲಿ ಇನ್ನೂ ನಕ್ಷತ್ರ ಕಾಣುವಷ್ಟು ಕತ್ತಲೆಯಿದೆ. ಅದನ್ನು ಉಳಿಸಿ ಎಂದು ಕೇಳುವವರು ಈ ಕಡೆ ಇನ್ನೂ ಹೆಚ್ಚಿಲ್ಲ.

ಬೆಂಗಳೂರಿಗೂ ಗ್ರಹೀಯ ನೀಹಾರಿಕೆಗೂ 1868ರಲ್ಲಿ ಬೆಳೆದ ನಂಟು ಕಡಿದುಹೋಗಿಲ್ಲ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೊಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಸಿದ್ಧವಾದದ್ದು ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ. ಅದರೊಳಗೂ ಬೆಳಕು ಸೋಸುವ ಫಿಲ್ಟರುಗಳ ಚಕ್ರವಿದೆ. ಸಂಸ್ಥೆಯ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು ಅದರ ಮೂಲಕ ಎನ್‌ಜಿಸಿ 40 ಎಂಬ ಗ್ರಹೀಯ ನೀಹಾರಿಕೆಯನ್ನು ನೋಡಿದಾಗ, ಅಲ್ಲಿಯವರೆಗೆ ಯಾರಿಗೂ ಕಾಣದಿದ್ದ ಅತಿನೇರಳೆ ಪ್ರಭಾವಲಯವೊಂದು ಅದರ ಸುತ್ತ ತೋರಿತು. ಅದು ಹೈಡ್ರೋಜನ್ ಅಣುಗಳ ಬೆಳಕಿರಬೇಕೆಂದು 2018ರಲ್ಲಿ ಅವರು ವರದಿ ಮಾಡಿದರು. ಆ ನೀಹಾರಿಕೆಯನ್ನು ಮೊದಲು ಕಂಡವನು, 1788ರಲ್ಲಿ, ಲೆಫ್ಟಿನೆಂಟನ ತಾತ ವಿಲಿಯಂ ಹರ್ಷಲ್.